ಆಯುಧಪೂಜೆಗೆ ಉಜ್ಜಿದ ತಂತಿ

ನಮ್ಮ ಬೀದಿಯ ಒಬ್ಬ ಹುಡುಗಿಗೆ ಈಚೆಗೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, "ನೀವು ಜನ್ಮವೆಲ್ಲ ಇದೇ ಕೆಲಸ ಮಾಡಿದವರು ಸಾರ್, ಏನಾದ್ರೂ ಹೇಳಿ" ಎಂದಳು. ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡು ಉಪದೇಶ ಮಾಡುವುದು ಕಷ್ಟ. "ಸಮಯಕ್ಕೆ ಸರಿಯಾಗಿ ಹೋಗಮ್ಮ" ಎಂದು ಹೇಳಿ ಕಳಿಸಿದೆ. ಆಮೇಲೆ ಬೇಜಾರಾಯಿತು. ಹೇಳಬೇಕಾದದ್ದು ಬೇರೆಯೇ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ.

ನಾನು ಶನಿವಾರಸಂತೆ ಕಡೆಯವನು. ಬಿ.ಎಸ್ಸಿ. ಮುಗಿಸಿ ಬಂದಾಗ ಕೊಡಗು ಇನ್ನೂ ಬೇರೆ ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳು, ನಮ್ಮದೇ ಅಸೆಂಬ್ಲಿ. ಸೋಮವಾರಪೇಟೆಯ ಹತ್ತಿರ ಕೆಲವು ತೋಟದ ಮಾಲೀಕರು ಸೇರಿಕೊಂಡು ಒಂದು ಇಂಟರ್‌ಮೀಡಿಯೆಟ್ ಕಾಲೇಜು ನಡೆಸುತ್ತಿದ್ದರು. ಅದು ಬಹಳ ಹಿಂದೆಯೇ ಮುಚ್ಚಿಹೋಗಿದೆ, ಹೆಸರು ಹೇಳಿ ಪ್ರಯೋಜನವಿಲ್ಲ. ನನಗೆ ಅಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಲೆಕ್ಚರರು ಪಾಠ ಮಾಡುತ್ತಾರೆ. ಡೆಮಾನ್‌ಸ್ಟ್ರೇಟರ್ ಆದವನು ಹುಡುಗರ ಬೆನ್ನ ಹಿಂದೆ ನಿಂತು, ತಂತಿ ಎಲ್ಲಿ ಸಡಿಲವಾಗಿದೆ, ಕೀಲಿ ಎಲ್ಲಿ ತೆರೆದಿದೆ ಎಂದು ನೋಡುತ್ತಾನೆ. ಮನೆಯಲ್ಲಿ ಅಜ್ಜಿಗೆ ಈ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. "ಮೇಷ್ಟ್ರೂ ಅಲ್ಲ, ಜವಾನನೂ ಅಲ್ಲ, ಅದೆಂಥ ಕೆಲಸನೋ ನಿಂದು" ಎನ್ನುತ್ತಿದ್ದಳು.

ಪ್ರಯೋಗಾಲಯ ಇದ್ದದ್ದು ಒಂದು ಹಳೆಯ ಕಾಫಿ ಗೋದಾಮಿನಲ್ಲಿ. ಎತ್ತರದ ಗೋಡೆ, ಸಣ್ಣ ಕಿಟಕಿಗಳು. ಮಳೆಗಾಲದಲ್ಲಿ ಹಗಲೇ ಲಾಟೀನು ಹಚ್ಚಬೇಕು. ಹಿತ್ತಾಳೆಯ ಯಾವ ಸಾಮಾನು ಇಟ್ಟರೂ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತಿತ್ತು. ನಮ್ಮ ಮುಖ್ಯಸ್ಥರು ಶೇಷಗಿರಿರಾಯರು ಇಳಿವಯಸ್ಸಿನವರು. ಕ್ಲಾಸಿನಲ್ಲಿ ಒಳ್ಳೆಯ ಮಾತುಗಾರರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಪ್ರಯೋಗ ಎಂದರೆ ಅವರಿಗೆ ಒಂದು ಸಂಸ್ಕಾರದ ಹಾಗೆ. ಸರಿಯಾದ ಕ್ರಮದಲ್ಲಿ ಮಾಡಿದರೆ ಸರಿಯಾದ ಫಲ ಬರಲೇಬೇಕು, ಬರದಿದ್ದರೆ ಮಾಡಿದವನದೇ ತಪ್ಪು.

ನಮ್ಮಲ್ಲಿದ್ದ ಉಪಕರಣಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪೊಟೆನ್ಷಿಯೋಮೀಟರ್. ನೋಡಲು ಏನೂ ಇಲ್ಲ. ಒಂದು ಉದ್ದನೆಯ ಹಲಗೆ, ಅದರ ಮೇಲೆ ಅಕ್ಕಪಕ್ಕ ಬಿಗಿದ ಹತ್ತು ತಂತಿಗಳು. ಒಂದರ ತುದಿ ಇನ್ನೊಂದರ ತುದಿಗೆ ಸೇರಿ, ಕೊನೆಗೆ ಎಲ್ಲ ಒಂದೇ ತಂತಿ. ಅದರಲ್ಲಿ ಒಂದು ಅಕ್ಯುಮ್ಯುಲೇಟರಿನಿಂದ, ಅಂದರೆ ಆಸಿಡ್ ತುಂಬಿದ ಬ್ಯಾಟರಿಯಿಂದ, ಒಂದೇ ಸಮನೆ ಕರೆಂಟು ಹರಿಸುತ್ತೇವೆ. ಹುಡುಗರಿಗೆ ನಾನು ಹೇಳುತ್ತಿದ್ದೆ: "ಕರೆಂಟು ಇಲ್ಲಿ ಬೆಟ್ಟದಿಂದ ಕೆಳಗೆ ಇಳೀತಾ ಉಂಟು. ರೋಧ ಹೆಚ್ಚಿದ್ದ ಕಡೆ ಹಾದಿ ಕಡಿದು, ಕಡಿಮೆ ಇದ್ದ ಕಡೆ ಹಾದಿ ಸಪಾಟು. ಒಂದು ಗೇಣು ತಂತಿಯಲ್ಲಿ ಎಷ್ಟು ಇಳೀತದೋ ಅದೇ ಇಳಿಜಾರು." ತಂತಿ ಉದ್ದಕ್ಕೂ ಒಂದೇ ದಪ್ಪ ಇದ್ದರೆ ಇಳಿಜಾರೂ ಉದ್ದಕ್ಕೂ ಒಂದೇ. ಹಾಗಿರುವಾಗ ವೋಲ್ಟನ್ನು ಅಳೆಯಲು ವೋಲ್ಟ್‌ಮೀಟರೇ ಬೇಡ, ಬರೀ ಉದ್ದ ಅಳೆದರೆ ಸಾಕು. ಜಾಕಿ ಎಂಬ ಸಣ್ಣ ಒತ್ತುಗೋಲನ್ನು ತಂತಿಯ ಮೇಲೆ ಅಲ್ಲಲ್ಲಿ ಒತ್ತುತ್ತಾ ಹೋಗಬೇಕು. ಯಾವ ಜಾಗದಲ್ಲಿ ಒತ್ತಿದಾಗ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುವುದಿಲ್ಲವೋ, ಅಲ್ಲಿಯವರೆಗಿನ ಇಳಿತ ನಮ್ಮ ಸೆಲ್ಲಿನ ಬಲಕ್ಕೆ ಸರಿಸಮ. ಎರಡು ಸೆಲ್ಲುಗಳಿಗೆ ಎರಡು ಉದ್ದ ಸಿಗುತ್ತದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಯಾವುದು ಯಾವುದಕ್ಕಿಂತ ಎಷ್ಟು ಬಲವಾದದ್ದು ಎಂದು ತಿಳಿಯುತ್ತದೆ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಸರಣಿಯಲ್ಲಿ ಒಂದು ರಿಯೋಸ್ಟಾಟ್ ಸೇರಿಸಿ ರೋಧ ಹೆಚ್ಚಿಸಿದರೆ ಕರೆಂಟು ಕಡಿಮೆಯಾಗುತ್ತದೆ, ಇಡೀ ತಂತಿಯ ಇಳಿಜಾರು ತಗ್ಗುತ್ತದೆ, ಎರಡು ಉದ್ದಗಳೂ ಬೆಳೆಯುತ್ತವೆ. ಆದರೆ ಭಾಗಿಸಿದಾಗ ಬರುವ ಉತ್ತರ ಮಾತ್ರ ಕದಲುವುದಿಲ್ಲ. ಉದ್ದ ಬದಲಾದರೂ ಉತ್ತರ ಬದಲಾಗದಿರುವುದನ್ನು ನಾನು ಓದಿದ ಕಾಲೇಜಿನಲ್ಲಿ ಮೊದಲ ಸಲ ಕಂಡಾಗ ನನಗೆ ಆದ ಸಂತೋಷವನ್ನು ಹುಡುಗರ ಮುಖದಲ್ಲಿ ಕಾಣಬೇಕೆಂದು ನಾನು ಕಾಯುತ್ತಿದ್ದೆ. ಹೆಚ್ಚಿನವರು ಆಕಳಿಸುತ್ತಿದ್ದರು.

ಕಷ್ಟಗಳು ಬೇರೆ ಬೇಕಾದಷ್ಟು ಇದ್ದವು. ನಮ್ಮ ಕಾಲೇಜಿಗೆ ಆಗ ಕರೆಂಟು ಬಂದಿರಲಿಲ್ಲ. ಅಕ್ಯುಮ್ಯುಲೇಟರ್ ಇಳಿದುಹೋದರೆ ಬಸ್ಸಿನಲ್ಲಿ ಮಡಿಕೇರಿಗೆ ಕಳಿಸಿ ಚಾರ್ಜು ಮಾಡಿಸಿ ತರಿಸಬೇಕು. ಒಂದು ಸಲ ಕಂಡಕ್ಟರು ಅದನ್ನು ಏಲಕ್ಕಿ ಚೀಲಗಳ ನಡುವೆ ಭದ್ರವಾಗಿ ಕೂರಿಸಿದ. ತಿರುವಿನಲ್ಲಿ ಅದು ವಾಲಿಕೊಂಡು ಆಸಿಡ್ಡೆಲ್ಲ ಚೀಲಕ್ಕೆ ಇಳಿಯಿತು. ಏಲಕ್ಕಿ ಸಾಹುಕಾರರು ನೇರ ನನ್ನ ಹತ್ತಿರ ಬಂದು, ತೂತು ಬಿದ್ದ ಚೀಲವನ್ನು ಮೇಜಿನ ಮೇಲೆ ಹರಡಿ, "ನಿಮ್ಮ ಕಾಲೇಜು ನೀರು ಕುಡಿದು ನಮ್ಮ ಚೀಲ ಸತ್ತೋಗಿದೆ ನೋಡಿ" ಎಂದರು. ನಾನು ಅದು ನೀರಲ್ಲ ಎಂದು ವಿವರಿಸಲು ಹೋಗಿ ಇನ್ನಷ್ಟು ಬೈಸಿಕೊಂಡೆ. ಆ ವಾರ ಪೂರ್ತಿ ಹುಡುಗರಿಗೆ ಪೆಂಡುಲಮ್ ಪ್ರಯೋಗ ಕೊಟ್ಟು ಸುಮ್ಮನಿರಿಸಿದೆವು.

ನನಗೆ ಸಮಾಧಾನವಾಗದಿದ್ದ ವಿಷಯ ಒಂದಿತ್ತು. ಪ್ರಯೋಗ ಶುರುವಾಗುವ ಮೊದಲೇ ಶೇಷಗಿರಿರಾಯರು ಕರಿಹಲಗೆಯ ಮೂಲೆಯಲ್ಲಿ, ಬರಬೇಕಾದ ಉತ್ತರವನ್ನು ಬರೆದುಬಿಡುತ್ತಿದ್ದರು. ಹುಡುಗರಿಗೆ ದಾರಿ ತಪ್ಪಬಾರದು ಎಂಬುದು ಅವರ ಉದ್ದೇಶ. ಹುಡುಗರು ಇನ್ನೂ ಜಾಣರು. ಉತ್ತರ ಗೊತ್ತಿದ್ದ ಮೇಲೆ ಒಂದು ಉದ್ದ ಅಳೆದರೆ ಸಾಕು, ಇನ್ನೊಂದು ಉದ್ದವನ್ನು ಗುಣಿಸಿ ತೆಗೆಯಬಹುದು. ಎಲ್ಲರ ರೆಕಾರ್ಡುಗಳೂ ಅಚ್ಚಿನಲ್ಲಿ ಹಾಕಿದಂತೆ ಒಂದೇ ಉತ್ತರ ಕೊಡುತ್ತಿದ್ದವು. ನಾನು ಒಂದೆರಡು ಸಲ ಗೊಣಗಿದೆ. "ನೀನಿನ್ನೂ ಹೊಸಬ. ಪಾಸಾಗಲಿ ಬಿಡಯ್ಯ, ಕಲಿಯೋದು ಆಮೇಲೆ ಇದ್ದೇ ಇದೆ" ಎಂದು ರಾಯರು ನಕ್ಕರು. ಅವರ ಕೈಕೆಳಗಿನ ಸಂಬಳದವನು ನಾನು, ಸುಮ್ಮನಾದೆ.

ಈ ಗುಂಪಿನಲ್ಲಿ ಹಾಗೆ ಮಾಡದಿದ್ದವಳು ದೇವಕಿ. ಭಾಗಮಂಡಲದ ಕಡೆಯ ಅರೆಭಾಷೆ ಆಡುವ ಗೌಡರ ಹುಡುಗಿ, ಸೋಮವಾರಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ. ಜಾಕಿಯನ್ನು ಒತ್ತಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು, ಮುಳ್ಳು ನಿಂತ ಮೇಲೆ ಬಿಡುತ್ತಿದ್ದಳು. ಬಂದದ್ದನ್ನು ಬರೆಯುತ್ತಿದ್ದಳು, ಬಾರದಿದ್ದರೆ ಬರಲಿಲ್ಲ ಎಂದು ಬರೆಯುತ್ತಿದ್ದಳು. ಓದಿನಲ್ಲಿ ಅವಳೇ ಎಲ್ಲರಿಗಿಂತ ಮುಂದೆ. ಕೊಡಗಿನಲ್ಲಿ ಮೆಡಿಕಲ್ ಕಾಲೇಜಿಲ್ಲದ್ದರಿಂದ, ನಮ್ಮ ರಾಜ್ಯದವರಿಗೆಂದು ಹೊರಗೆ ಮೀಸಲಿಟ್ಟಿದ್ದ ಸೀಟಿಗೆ ಅವಳ ಹೆಸರು ಹೋಗಿತ್ತು. ಆ ವರ್ಷವೇ ಎಲ್ಲ ವಿಷಯಗಳಲ್ಲೂ ಪಾಸಾದರೆ ಸೀಟು ಅವಳದು. ಒಂದರಲ್ಲಿ ತಪ್ಪಿದರೂ ಪಟ್ಟಿಯಲ್ಲಿ ಮುಂದಿನವರಿಗೆ. ಡಾಕ್ಟರಾಗಬೇಕೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಒಮ್ಮೆ ಅವಳ ಪುಸ್ತಕದ ರಟ್ಟಿನ ಮೇಲೆ ಹೆಸರಿಗೆ ಮೊದಲು 'ಡಾ.' ಎಂದು ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದನ್ನು ಕಂಡಿದ್ದೆ.

ಇನ್ನು ಚಾತು. ಪ್ರಯೋಗಾಲಯದ ಅಟೆಂಡರ್. ಅವನ ತಂದೆ ಕಣ್ಣೂರು ಕಡೆಯಿಂದ ತೋಟದ ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತವರು. ಚಾತುವಿಗೆ ಉಪಕರಣಗಳೆಂದರೆ ಜೀವ. ಆಯುಧಪೂಜೆಗೆ ಮೊದಲು ಪ್ರಯೋಗಾಲಯಕ್ಕೆ ಹೊಸ ಕಳೆ ಬರುತ್ತಿದ್ದದ್ದು ಅವನಿಂದ. ಮಳೆಗಾಲದಲ್ಲಿ ಕಿಲುಬು ಹಿಡಿದ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆಯುತ್ತಿದ್ದ. ತಕ್ಕಡಿಗೆ ಅರಿಶಿನ ಕುಂಕುಮ, ಗ್ಯಾಲ್ವನೋಮೀಟರಿಗೆ ಒಂದು ಚೆಂಡುಹೂವು. ಪೊಟೆನ್ಷಿಯೋಮೀಟರಿನ ತಂತಿಗಳು ಹುಣಸೆಹಣ್ಣಿಗೆ ಬಗ್ಗುವುದಿಲ್ಲವೆಂದು ಬಡಗಿಗಳು ಮರ ಉಜ್ಜುವ ಉಪ್ಪು ಕಾಗದ ತಂದು, ಹಲಗೆಯ ಮುಂದೆ ಕೂತು, ಒಂದೊಂದು ತಂತಿಯನ್ನೂ ಬೆಳ್ಳಿಯಂತೆ ಮಾಡುತ್ತಿದ್ದ. ವಾರ್ಷಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವ ಮುಂಚೆ ಇನ್ನೊಂದು ಸಲ. ಇದು ನಾನು ಸೇರುವ ಮೊದಲಿನಿಂದ, ಕಾಲೇಜು ಶುರುವಾದಾಗಿನಿಂದ ನಡೆದು ಬಂದದ್ದು. ರಾಯರು ಬಂದವರಿಗೆಲ್ಲ ಅದನ್ನು ತೋರಿಸಿ, "ಈ ಹೊಳಪು ದೊಡ್ಡ ದೊಡ್ಡ ಕಾಲೇಜಿನಲ್ಲೂ ಇಲ್ಲ" ಎನ್ನುತ್ತಿದ್ದರು. ಚಾತು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ.

ಆ ವರ್ಷದ ಪರೀಕ್ಷೆಗೆ ಘಟ್ಟದ ಕೆಳಗಿನಿಂದ ಒಬ್ಬ ಪರೀಕ್ಷಕರು ಬಂದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಅನ್ಯಾಯದವರಲ್ಲ. ಚೀಟಿ ಎತ್ತಿದಾಗ ದೇವಕಿಗೆ ಬಂದದ್ದು ಎರಡು ಸೆಲ್ಲುಗಳನ್ನು ಹೋಲಿಸುವ ಪ್ರಯೋಗ, ಸರೋಜ, ಬೋಪಣ್ಣ ಮುಂತಾದ ಇನ್ನೂ ಕೆಲವರಿಗೂ ಅದೇ. ಉಳಿದವರೆಲ್ಲ ಬೇಗ ಮುಗಿಸಿ ಎದ್ದರು. ದೇವಕಿ ಮಾತ್ರ ಜಾಕಿ ಒತ್ತುತ್ತಲೇ ಇದ್ದಳು. ರಿಯೋಸ್ಟಾಟ್ ಬದಲಾಯಿಸುತ್ತಾಳೆ, ಅಳೆಯುತ್ತಾಳೆ, ಭಾಗಿಸುತ್ತಾಳೆ, ತಲೆ ಕೆರೆದುಕೊಳ್ಳುತ್ತಾಳೆ, ಮತ್ತೆ ಮೊದಲಿನಿಂದ. ನಾನು ದೂರದಲ್ಲಿ ಕೂತಿದ್ದೆ, ಹತ್ತಿರ ಹೋಗುವಂತಿರಲಿಲ್ಲ. ಪರೀಕ್ಷಕರು ಬಂದು ಅವಳ ಹಾಳೆ ನೋಡಿದರು.

"ಏನಮ್ಮ ಇದು? ಒಂದೊಂದು ಸಲ ಒಂದೊಂದು ಉತ್ತರ?"

"ಹಾಗೇ ಬರ್ತದೆ ಸಾರ್."

"ಪುಸ್ತಕದಲ್ಲಿ ಇರೋದಕ್ಕಿಂತ ಎಲ್ಲ ಹೆಚ್ಚು ಬಂದಿದೆ. ಹೇಗೆ ಬರುತ್ತೆ?"

"ಗೊತ್ತಿಲ್ಲ ಸಾರ್. ಎಷ್ಟು ಸಲ ನೋಡಿದ್ರೂ ಹಾಗೇ ಬರ್ತದೆ."

"ಅಕ್ಕಪಕ್ಕದವರಿಗೆ ಸರಿಯಾಗಿ ಬಂತಲ್ಲ?"

ಅವಳು ಅಕ್ಕಪಕ್ಕ ನೋಡಿದಳು. ಮತ್ತೆ ಜಾಕಿ ಕೈಗೆತ್ತಿಕೊಂಡಳು. ಪರೀಕ್ಷಕರು ಕೆಂಪು ಪೆನ್ಸಿಲಿನಲ್ಲಿ ಹಾಳೆಯ ಮೇಲೆ ಅಡ್ಡ ಗೆರೆ ಎಳೆದರು. ಕಾಫಿ ಕುಡಿಯುವಾಗ ರಾಯರಿಗೆ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು: "ನಿಮ್ಮ ಹುಡುಗರು ಪರವಾಗಿಲ್ಲ. ಆ ಹುಡುಗಿಗೆ ಮಾತ್ರ ಕೈಯಲ್ಲಿ ಕೆಲಸವೇ ಇಲ್ಲ. ಪಾಸು ಮಾಡೋ ಹಾಗಿಲ್ಲ."

ಇಡೀ ತರಗತಿಯಲ್ಲಿ ಕೈಕೆಲಸ ಗೊತ್ತಿದ್ದವಳು ಅವಳೊಬ್ಬಳೇ ಎಂದು ನನಗೆ ಗೊತ್ತಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಅವಳ ಹಲಗೆಯ ಮುಂದೆ ಕೂತೆ. ಅವಳು ಜೋಡಿಸಿದ ಸರ್ಕೀಟು ಹಾಗೇ ಇತ್ತು, ಒಂದು ತಪ್ಪೂ ಇಲ್ಲ. ನಾನೇ ಅಳೆದೆ. ನನಗೂ ಹೆಚ್ಚು ಬಂತು. ರಿಯೋಸ್ಟಾಟ್ ಬದಲಿಸಿದೆ, ಉತ್ತರವೂ ಬದಲಾಯಿತು. ಅವಳ ಹಾಳೆಯಲ್ಲಿದ್ದದ್ದೇ ನನಗೂ ಬಂದದ್ದು. ಅಲ್ಲಿಯವರೆಗೆ ನಾನು ಹುಡುಗರ ಜೋಡಣೆ ನೋಡುತ್ತಿದ್ದೆನೇ ಹೊರತು, ದೇವಕಿ ಬರಲಿಲ್ಲ ಎಂದು ಬರೆದಾಗಲೂ ನಾನೇ ಕೂತು ಅಳೆದಿರಲಿಲ್ಲ.

ಮತ್ತೆ ಒಂದೊಂದೇ ತಂತಿಯನ್ನು ಪರೀಕ್ಷಿಸಿದೆ. ಎಲ್ಲದರಲ್ಲೂ ಹರಿಯುವುದು ಅದೇ ಕರೆಂಟು. ಹಾಗಾದರೆ ಒಂದೇ ಉದ್ದದ ಪ್ರತಿ ತಂತಿಯ ಎರಡು ತುದಿಗಳ ನಡುವೆ ಒಂದೇ ಇಳಿತ ಇರಬೇಕು. ಗ್ಯಾಲ್ವನೋಮೀಟರನ್ನು ದೊಡ್ಡ ರೋಧದ ಮೂಲಕ ಜೋಡಿಸಿ ನೋಡಿದೆ. ಮುಂದಿನ ತಂತಿಗಳ ಮೇಲೆ ಮುಳ್ಳು ಹೆಚ್ಚು ಓಡಿತು, ಹಿಂದಿನ ತಂತಿಗಳ ಮೇಲೆ ಕಡಿಮೆ. ಸ್ಕ್ರೂಗೇಜ್ ಹಿಡಿದು ದಪ್ಪ ಅಳೆದೆ. ಮುಂದಿನವು ತೆಳ್ಳಗೆ, ಹಿಂದಿನವು ದಪ್ಪ. ಚಾತು ಹಲಗೆಯ ಮುಂದೆ ಕೂತು ಉಜ್ಜುತ್ತಿದ್ದದ್ದು ಆಗ ಹೊಳೆಯಿತು. ಕೈಗೆ ಹತ್ತಿರದ ತಂತಿಗಳಿಗೆ ಹೆಚ್ಚು ಉಜ್ಜು, ದೂರದವಕ್ಕೆ ಕಡಿಮೆ. ವರ್ಷ ವರ್ಷವೂ ಪೂಜೆಗೆ ಒಮ್ಮೆ, ಪರೀಕ್ಷೆಗೆ ಒಮ್ಮೆ. ತೆಳುವಾದ ಕಡೆ ರೋಧ ಹೆಚ್ಚಿ ಇಳಿಜಾರು ಕಡಿದಾಗಿತ್ತು, ದಪ್ಪವಿದ್ದ ಕಡೆ ಸಪಾಟಾಗಿತ್ತು. ಉದ್ದ ಎಣಿಸುವುದು ಮುಂದಿನ ತಂತಿಯಿಂದ, ಹಾಗಾಗಿ ಬಲ ಕಡಿಮೆಯಿದ್ದ ಸೆಲ್ಲು ಹೆಚ್ಚುಪಾಲು ಕಡಿದಾದ ತಂತಿಯಲ್ಲೇ ಸಮ ತೂಗುತ್ತಿತ್ತು. ಬಲವಾದದ್ದು ಸಪಾಟಿನಲ್ಲಿ ಬಹಳ ದೂರ ಹೋಗಬೇಕಾಗಿತ್ತು. ಉತ್ತರ ಹೆಚ್ಚು ಬರುತ್ತಿದ್ದದ್ದು ಅದಕ್ಕೆ. ಉಳಿದ ಹಲಗೆಗಳನ್ನೂ ನೋಡಿದೆ, ಎಲ್ಲದರದೂ ಅದೇ ಕಥೆ.

ದೇವಕಿ ಬರೆದದ್ದು ಅಷ್ಟೂ ಸರಿ ಎಂದಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಸ್ಕ್ರೂಗೇಜನ್ನು ಜೇಬಿನಲ್ಲಿಟ್ಟುಕೊಂಡೇ ರಾಯರ ಮನೆಗೆ ಓಡಿದೆ. ಪರೀಕ್ಷಕರು ಊರು ಬಿಡುವುದು ಮರುದಿನ ಮಧ್ಯಾಹ್ನದ ಬಸ್ಸಿಗೆ. ಅಷ್ಟರಲ್ಲಿ ಅವರನ್ನು ಕರೆತಂದು ತಂತಿ ತೋರಿಸಿದರೆ ಅವಳ ಅಂಕ ಅವರೇ ತಿದ್ದುತ್ತಾರೆ.

ರಾಯರು ಜಗಲಿಯ ಮೇಲೆ ಕೂತಿದ್ದರು. ಎಲ್ಲ ಕೇಳಿದರು. ಬೀದಿಯ ಕಡೆ ನೋಡುತ್ತಾ ಕೂತರು. ಅವರಿಗೆ ಅರ್ಥವಾಗಲಿಲ್ಲ ಎಂದುಕೊಂಡು ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.

"ಅರ್ಥ ಆಯ್ತಯ್ಯ" ಎಂದರು. "ನಿನಗೆ ಅರ್ಥ ಆಗಿಲ್ಲ. ಆ ತಂತಿ ಕೆಟ್ಟದ್ದು ಅಂತ ತೋರಿಸ್ತೀಯ. ಪರೀಕ್ಷಕರು ಮೊದಲು ಏನು ಕೇಳ್ತಾರೆ? ಇಂಥದೇ ತಂತಿಯ ಮೇಲೆ ಉಳಿದವರಿಗೆಲ್ಲ ಸರಿಯಾದ ಉತ್ತರ ಹೇಗೆ ಬಂತು ಅಂತ ಕೇಳ್ತಾರೆ. ಏನು ಹೇಳ್ತೀಯ?"

ಅವಳದು ಸರಿ ಎಂದರೆ ಮಿಕ್ಕವರದೆಲ್ಲ ಸುಳ್ಳು. ಜೇಬಿನಲ್ಲಿದ್ದ ಸ್ಕ್ರೂಗೇಜು ಒಬ್ಬಳನ್ನು ಪಾಸು ಮಾಡಿಸಿ ಉಳಿದವರನ್ನೆಲ್ಲ ಫೇಲು ಮಾಡಿಸುತ್ತಿತ್ತು.

"ಎಲ್ಲ ನಮ್ಮ ಹುಡುಗರೇ" ಎಂದರು ರಾಯರು. ಧ್ವನಿ ಇಳಿದಿತ್ತು. "ಕಾಲೇಜಿನ ಮಾನ್ಯತೆಗೂ ಕಲ್ಲು ಬೀಳ್ತದೆ. ನಾನು ಇಂಟರ್ನಲ್ ಪರೀಕ್ಷಕ, ಅಂಕ ತಿದ್ದಿ ಅಂತ ನಾನಾಗಿ ಬರೆದುಕೊಡೋದಿಲ್ಲ. ಆ ಮಗು ಕೇಳಿದರೆ ಬೇರೆ ಮಾತು. ಅವಳಿಗೆ ಅನ್ಯಾಯ ಆಗಿದೆ, ಅವಳು ಬಾಯಿಬಿಟ್ಟು ಕೇಳಿದರೆ ನಾನು ಅಡ್ಡ ನಿಲ್ಲೋದಿಲ್ಲ." ಆ ಹೊತ್ತಿಗೆ ಅದು ನನಗೆ ದೊಡ್ಡ ಮನಸ್ಸಿನ ಮಾತಿನ ಹಾಗೆ ಕೇಳಿಸಿತು. ಭಾರವನ್ನು ಹೊರಬೇಕಾದ ಹಿರಿಯರು ಅದನ್ನು ಒಂದು ಹುಡುಗಿಯ ತಲೆಗೆ ದಾಟಿಸಿದರು ಎಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ದೇವಕಿಯನ್ನು ಊರಿಗೆ ಕರೆದೊಯ್ಯಲು ಅವಳ ತಂದೆ ಬಂದಿದ್ದರು. ಇಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದು ಹಲಗೆಯ ಮುಂದೆ ನಿಲ್ಲಿಸಿ ಎಲ್ಲ ತೋರಿಸಿದೆ. ದೇವಕಿ ತಾನೇ ಸ್ಕ್ರೂಗೇಜ್ ತೆಗೆದುಕೊಂಡು ಮುಂದಿನ ತಂತಿಯನ್ನೂ ಹಿಂದಿನ ತಂತಿಯನ್ನೂ ಅಳೆದಳು. ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. ರಾತ್ರಿ ಪೂರ್ತಿ ಅತ್ತ ಕಣ್ಣು ಊದಿಕೊಂಡಿತ್ತು, ಆ ಕಣ್ಣಿನಲ್ಲೇ ನಕ್ಕಳು.

"ಹಾಗಾದ್ರೆ ನನ್ನ ಕೈ ಸರಿ ಉಂಟು ಸಾರ್!"

"ನಿನ್ನ ಕೈ ಸರಿಯಾಗೇ ಉಂಟಮ್ಮ. ಪರೀಕ್ಷಕರು ಮಧ್ಯಾಹ್ನದವರೆಗೆ ಟ್ರಾವೆಲರ್ಸ್ ಬಂಗಲೆಯಲ್ಲಿ ಇರ್ತಾರೆ. ನೀನು ಒಂದು ಮಾತು ಹೇಳಿದ್ರೆ ನಾನು ಹೋಗಿ ಕರ್ಕೊಂಡು ಬರ್ತೇನೆ."

ಅವಳು ಹೊರಡಲು ಒಂದು ಹೆಜ್ಜೆ ಇಟ್ಟಳು. ಆಮೇಲೆ ನಿಂತಳು. ಅವಳೂ ಲೆಕ್ಕ ಬಲ್ಲವಳು, ನಾನು ಹಿಂದಿನ ಸಂಜೆ ರಾಯರಿಂದ ಹೇಳಿಸಿಕೊಂಡದ್ದನ್ನು ತಾನಾಗಿ ಕಂಡುಕೊಂಡಳು.

"ಸಾರ್, ಆಗ ಸರೋಜ? ಬೋಪಣ್ಣ? ಅವರೆಲ್ಲ ಎಂಥ ಆಗ್ತಾರೆ?"

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಅವರದು ನಿಲ್ಲೋದಿಲ್ಲ" ಎಂದೆ.

ಅವಳು ತಂದೆಯ ಮುಖ ನೋಡಿದಳು. ಅವರು ಓದು ಬರಹ ಹೆಚ್ಚು ಬಲ್ಲವರಲ್ಲ, ಆದರೆ ವಿಷಯ ತಿಳಿದಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಮ್ಮ ಗೂಡೆ ಸುಳ್ಳು ಬರ್ದಿಲ್ಲೆ ತಾನೇ? ನಂಗೆ ಅಷ್ಟು ಸಾಕ್" ಎಂದರು. ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. "ಬೇರೆಯವ್ರ ಮಕ್ಕಳ ಪಾಸ್ ತೆಗ್ದ್ ನಮ್ಗೆ ಎಂಥ ಆಕು ಮೇಷ್ಟ್ರೇ? ಸೆಪ್ಟೆಂಬರ್‌ಲಿ ಇನ್ನೊಂದ್ ಸಲ ಬರ್ದರೆ ಆತ್."

"ಸೆಪ್ಟೆಂಬರಿಗೆ ಸೀಟು ಇರೋದಿಲ್ಲ" ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಅದೂ ಗೊತ್ತಿತ್ತು. ದೇವಕಿ ಸ್ಕ್ರೂಗೇಜನ್ನು ಮೇಜಿನ ಮೇಲೆ ಇಟ್ಟು, "ಬೇಡ ಸಾರ್" ಎಂದಳು. ಮಧ್ಯಾಹ್ನದ ಬಸ್ಸು ಹೋಯಿತು.

ಅವಳ ಮನಸ್ಸು ದೊಡ್ಡದು ಎಂದು ನಾನು ಹೊಗಳಬಹುದು, ಹಲವರ ಮುಂದೆ ಹೊಗಳಿದ್ದೂ ಉಂಟು. ಆದರೆ ನಿಜವಾಗಿ ನನಗಾದದ್ದು ಸಂಕಟ. ಸರೋಜಳಾಗಲಿ ಬೋಪಣ್ಣನಾಗಲಿ ಕೆಟ್ಟ ಮಕ್ಕಳಲ್ಲ. ಉತ್ತರವನ್ನು ಮೊದಲೇ ಬರೆದುಕೊಟ್ಟು ಅವರಿಗೆ ಆ ದಾರಿ ತೋರಿಸಿದವರು ನಮ್ಮವರೇ. ಅದರ ಬೆಲೆ ಮಾತ್ರ ಆ ದಾರಿ ಹಿಡಿಯದವಳು ತೆತ್ತಳು. ಫಲಿತಾಂಶ ಬಂದಾಗ ಅವಳ ಹೆಸರು ಇರಲಿಲ್ಲ, ಸೀಟು ಬೇರೆಯವರಿಗೆ ಹೋಯಿತು. ಸರೋಜ ಪಾಸಾದ ಸಿಹಿಯನ್ನು ಮೊದಲು ಕೊಟ್ಟದ್ದು ದೇವಕಿಗಂತೆ.

ತಂತಿಗಳನ್ನು ಬದಲಾಯಿಸಲು ರಾಯರು ಮರುಮಾತಿಲ್ಲದೆ ಒಪ್ಪಿದರು. ಮಂಗಳೂರಿನಿಂದ ಹೊಸ ತಂತಿಯ ಸುರುಳಿ ಬಂತು. ಹಳೆಯದನ್ನು ಬಿಚ್ಚುವಾಗ ಚಾತುವಿಗೆ ಕಾರಣ ಹೇಳಲೇಬೇಕಾಯಿತು. ಆದಷ್ಟು ಮೆತ್ತಗೆ ಹೇಳಿದೆ. ಅವನು ತೆಳ್ಳಗಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು, "ನಾನು ಉಜ್ಜಿದ್ದು ತಪ್ಪಾ ಸಾರೇ? ಎಲ್ಲರೂ ಚಂದ ಉಂಟು ಚಂದ ಉಂಟು ಅಂದರಲ್ಲ?" ಎಂದ. ನಿನ್ನ ತಪ್ಪಲ್ಲ, ತಂತಿಗೆ ಉಪ್ಪು ಕಾಗದ ತಾಗಿಸಬೇಡ ಎಂದು ನಮ್ಮಲ್ಲಿ ಒಬ್ಬರಾದರೂ ನಿನಗೆ ಹೇಳಬೇಕಿತ್ತು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಆ ವರ್ಷದ ಆಯುಧಪೂಜೆಗೆ ಅವನು ಹಲಗೆಗಳ ಮೇಲೆ ಬಟ್ಟೆ ಹೊದಿಸಿ, ದೂರದಿಂದಲೇ ಕುಂಕುಮ ಚಿಮುಕಿಸಿದ.

ಈಗಿನ ಪ್ರಯೋಗಾಲಯಗಳಲ್ಲಿ ಗುಂಡಿ ಒತ್ತಿದರೆ ಅಂಕೆ ಕಾಣುವ ಮೀಟರುಗಳಿವೆ. ಒಳ್ಳೆಯದೇ, ಕಣ್ಣಿಗೆ ಆಯಾಸವಿಲ್ಲ. ಆದರೆ ಅದರ ಒಳಗೂ ಯಾವುದೋ ಒಂದು ತಂತಿಯನ್ನು ಯಾರೋ ಉಜ್ಜಿರಬಹುದು. ಎಲ್ಲರ ಉತ್ತರವೂ ಒಂದೇ ಬಂದ ದಿನ ಖುಷಿಪಡಬೇಡಿ, ಎದ್ದು ಹೋಗಿ ಒಮ್ಮೆ ನೀವೇ ಅಳೆದು ನೋಡಿ. ನಾನು ಮುಂದೆ ಕೆಲಸ ಮಾಡಿದ ಕಡೆಯೆಲ್ಲ ಕರಿಹಲಗೆಯ ಮೇಲೆ ಉತ್ತರ ಬರೆಯುವುದನ್ನು ನಿಲ್ಲಿಸಿದೆ. ಅದಕ್ಕಾಗಿ ಬೈಸಿಕೊಂಡದ್ದನ್ನು ಬರೆದರೆ ಇನ್ನೊಂದು ಪುಸ್ತಕವಾಗುತ್ತದೆ.

ಸೆಪ್ಟೆಂಬರಿನಲ್ಲಿ ದೇವಕಿ ಮತ್ತೆ ಬಂದಳು. ಆ ಹೊತ್ತಿಗೆ ಹಲಗೆಗಳಲ್ಲಿ ಹೊಸ ತಂತಿ ಬಿಗಿದಾಗಿತ್ತು. ನಾನು ಗೇಣು ಗೇಣಿಗೆ ಪರೀಕ್ಷಿಸಿದ್ದೆ, ಇಳಿಜಾರು ಉದ್ದಕ್ಕೂ ಒಂದೇ ಸಮ. ಪರೀಕ್ಷೆಗೆ ಮೊದಲು ಬಂದು ಅಭ್ಯಾಸ ಮಾಡು ಎಂದು ಅವಳ ಅತ್ತೆಯ ಮನೆಗೆ ಹೇಳಿಕಳಿಸಿದ್ದೆ. ಅವಳು ಬಂದಿರಲಿಲ್ಲ. ಮಳೆ ಹಿಡಿದಿದೆ, ಅದಕ್ಕೇ ಇರಬೇಕು ಎಂದುಕೊಂಡೆ.

ಬೇರೊಬ್ಬ ಪರೀಕ್ಷಕರು ಬಂದಿದ್ದರು. ದೇವಕಿಗೆ ಈ ಸಲವೂ ಬಂದದ್ದು ಅದೇ ಎರಡು ಸೆಲ್ಲುಗಳ ಪ್ರಯೋಗ. ನನಗೆ ಒಳಗೊಳಗೇ ಖುಷಿ. ಅವಳು ಚಕಚಕನೆ ಸರ್ಕೀಟು ಜೋಡಿಸಿದಳು. ಪರೀಕ್ಷಕರು ಬಂದು ನೋಡಿ ತಲೆಯಾಡಿಸಿ ಹೋದರು. ನನ್ನ ಸ್ಟೂಲಿನಿಂದ ಅವಳ ಗ್ಯಾಲ್ವನೋಮೀಟರ್ ಚೆನ್ನಾಗಿ ಕಾಣುತ್ತಿತ್ತು. ಅವಳು ಉಸಿರು ಹಿಡಿಯುವುದನ್ನು, ಬಿಡುವುದನ್ನು ನೋಡಲು ಕಾದೆ.

ಜಾಕಿ ತಂತಿಯ ಮೇಲೆ ಆಚೆ ಹೋಯಿತು, ಈಚೆ ಬಂತು. ಮುಳ್ಳು ಅಲುಗಲಿಲ್ಲ. ಕೀಲಿ ಸಡಿಲವಿರಬೇಕು ಎಂದು ಮೊದಲು ಅಂದುಕೊಂಡೆ. ಆಮೇಲೆ ಅವಳ ಬೆರಳುಗಳನ್ನು ನೋಡಿದೆ. ಜಾಕಿಯನ್ನು ತಂತಿಯಿಂದ ಒಂದು ಕೂದಲೆಳೆ ಮೇಲೆ ಹಿಡಿದು ಸುಮ್ಮನೆ ಓಡಾಡಿಸುತ್ತಿದ್ದಳು. ಒಂದು ಸಲವೂ ಒತ್ತಲಿಲ್ಲ. ಓಡಾಡಿಸಿ, ನಿಲ್ಲಿಸಿ, ಹಾಳೆಯ ಮೇಲೆ ಒಂದು ಅಂಕೆ ಬರೆಯುತ್ತಿದ್ದಳು. ಎಲ್ಲರಿಗಿಂತ ಮೊದಲು ಮುಗಿಸಿ ಎದ್ದಳು. ನನ್ನ ಪಕ್ಕದಲ್ಲಿ ಹಾದು ಹೋಗುವಾಗ ನಿಂತು, "ಈ ಸಲ ಸರಿ ಬಂತು ಸಾರ್" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

ಅವಳು ಪಾಸಾದಳು. ಮುಂದೆ ಟ್ರೈನಿಂಗ್ ಮಾಡಿ ಶಾಲೆಯಲ್ಲಿ ಟೀಚರಾದಳು, ಒಳ್ಳೆಯ ಹೆಸರು ಪಡೆದಳು ಎಂದು ಕೇಳಿದ್ದೇನೆ.

ಆ ಸಂಜೆ ಹಾಳೆಗಳನ್ನು ಕಟ್ಟಿಡುವಾಗ ಅವಳದನ್ನು ನೋಡಿದೆ. ಉದ್ದಗಳೆಲ್ಲ ಕಲ್ಪನೆಯವು, ಭಾಗಿಸಿದ ಉತ್ತರ ಮಾತ್ರ ಪುಸ್ತಕದಲ್ಲಿದ್ದ ಹಾಗೇ. ಅವಳು ಜೋಡಿಸಿದ ಸರ್ಕೀಟನ್ನು ಚಾತು ಇನ್ನೂ ಬಿಚ್ಚಿರಲಿಲ್ಲ. ನಾನು ಅದರ ಮುಂದೆ ಕೂತು, ಜಾಕಿ ಹಿಡಿದು, ಎರಡು ಸೆಲ್ಲುಗಳಿಗೂ ಮುಳ್ಳು ನಿಲ್ಲುವ ಜಾಗ ಹುಡುಕಿ, ಅಳೆದು, ಭಾಗಿಸಿದೆ. ಅವಳು ಬರೆದದ್ದೇ ಬಂತು. ಒಂದು ಸಲ ಒತ್ತಿದ್ದರೆ ಅವಳಿಗೂ ಅದೇ ಬರುತ್ತಿತ್ತು.